ಪೆಟ್ಟು ಬಿದ್ದ ಭಾಷೆಯಲ್ಲೇ ಮಾತು: ಬೆಂಗಳೂರಿನ ಒಂದು ಆಪ್ತಸಮಾಲೋಚನಾ ಕೇಂದ್ರದ ವಿಮರ್ಶೆ

ಬಸವನಗುಡಿಯ ಆಸುಪಾಸಿನಲ್ಲಿ, ಒಂದು ಗ್ರಂಧಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಈ ಆಪ್ತಸಮಾಲೋಚನಾ ಕೇಂದ್ರಕ್ಕೆ ನಾನು 11 ತಿಂಗಳಲ್ಲಿ 27 ಬಾರಿ ಹೋಗಿ ಬಂದಿದ್ದೇನೆ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ಮನೆಯವರ ವಿಷಯ ಇದರಲ್ಲಿ ಬರುತ್ತದೆ, ಜೊತೆಗೆ ಇಬ್ಬರೇ ಸಮಾಲೋಚಕರು ನಡೆಸುವ ಆ ಸಣ್ಣ ಜಾಗದ ಬಗ್ಗೆ ನಾನು ಹೇಳಬೇಕಾದ ಕೊರತೆಗಳೂ ಇವೆ. ಹೆಸರೇ ಇಲ್ಲದ ವಿಮರ್ಶೆಯಿಂದ ಪ್ರಯೋಜನವೇನು ಎಂದು ಯಾರಾದರೂ ಕೇಳಬಹುದು. ಬಾಲ್ಯದಲ್ಲಿ ತಿಂದ ಪೆಟ್ಟನ್ನು ನಡುವಯಸ್ಸಿನವರೆಗೂ ಹೊತ್ತು ಬಂದವರು ಇಂಥ ಸೇವೆಯನ್ನು ಆರಿಸುವಾಗ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು 44 ವರ್ಷವಾಗುವವರೆಗೆ ನನಗೆ ತಿಳಿದಿರಲಿಲ್ಲ, ತಿಳಿಸುವವರೂ ಸಿಕ್ಕಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ನನ್ನ 9 ವರ್ಷದ ಮಗಳ ಕೈಯಿಂದ ಹಾಲಿನ ಪಾತ್ರೆ ಜಾರಿ ಬಿತ್ತು. ನಾನು ಕೈ ಎತ್ತಿದೆ. ಹೊಡೆಯಲಿಲ್ಲ. ಆದರೆ ಅವಳು ಅಳಲಿಲ್ಲ, ಓಡಲಿಲ್ಲ. ಮುಖದಲ್ಲಿದ್ದುದನ್ನೆಲ್ಲ ಒಳಗೆ ಎಳೆದುಕೊಂಡು, ನನ್ನ ಕೈಯ ಮೇಲೆ ಕಣ್ಣು ನೆಟ್ಟು ನಿಂತುಬಿಟ್ಟಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತು. ತಿಪಟೂರಿನ ಬಳಿಯ ನಮ್ಮ ಊರಿನಲ್ಲಿ ಅಪ್ಪನ ಮೊಪೆಡ್ಡಿನ ಸದ್ದು ಗೇಟಿನ ಬಳಿ ನಿಂತು, ಚಿಲಕ ತೆಗೆಯುವ ಶಬ್ದ ಕೇಳಿಸುವಷ್ಟರಲ್ಲಿ ಹಾಗೆ ನಿಲ್ಲುವುದನ್ನು ನಾನು ಅವಳ ವಯಸ್ಸಿಗಿಂತ ಮೊದಲೇ ಕಲಿತಿದ್ದೆ. ಕೊಬ್ಬರಿ ಹರಾಜಿನಲ್ಲಿ ದರ ಕುಸಿದ ದಿನಗಳಲ್ಲಿ ಅಪ್ಪ ಕುಡಿದು ಬರುತ್ತಿದ್ದರು. ಅಕ್ಕ ಮತ್ತು ನಾನು ಅಟ್ಟ ಹತ್ತಿ, ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಒಣಗಲು ಬಿಟ್ಟ ತೆಂಗಿನಕಾಯಿಗಳ ನಡುವೆ ಕೂರುತ್ತಿದ್ದೆವು. ಒಂದು ಕಾಯಿ ಉರುಳಿದರೂ ಕೆಳಗೆ ಗೊತ್ತಾಗುತ್ತಿತ್ತು. ಆದ್ದರಿಂದ ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಿದ್ದೆವು.

ಇದರ ಫಲ ದೊಡ್ಡವನಾದ ಮೇಲೆ ನನ್ನಲ್ಲಿ ಹೇಗೆ ಉಳಿದಿತ್ತು ಎಂಬುದನ್ನು ಹೇಳದೆ ಈ ಸೇವೆ ನನಗೆ ಏನು ಕೊಟ್ಟಿತು ಎಂದು ವಿವರಿಸಲಾಗದು. ರಾತ್ರಿ 3 ಗಂಟೆಗೆ ಎಚ್ಚರವಾಗುತ್ತಿತ್ತು. ಊಟವನ್ನು ಐದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಬೀದಿಯಲ್ಲಿ ಯಾವುದೋ ದ್ವಿಚಕ್ರ ವಾಹನ ನಿಂತ ತಕ್ಷಣ ಹೊಟ್ಟೆಯ ಒಳಗೆ ಏನೋ ಹಿಂಡಿದಂತಾಗುತ್ತಿತ್ತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಎಲ್ಲಿಯೂ ತಪ್ಪು ಉಳಿಯಬಾರದೆಂಬ ನನ್ನ ಭಯವನ್ನೇ ಅಲ್ಲಿ ಶ್ರದ್ಧೆ ಎಂದು ಮೆಚ್ಚಿ ಬಡ್ತಿ ಕೊಟ್ಟಿದ್ದರು. ಹೀಗೆ ಗಾಯವೇ ಯೋಗ್ಯತೆಯ ರೂಪ ತಾಳಿ ಸಂಬಳ ತರುತ್ತಿರುವಾಗ, ಅದು ಗಾಯವೆಂದು ಅನುಮಾನಿಸುವುದಕ್ಕೂ ಮನುಷ್ಯನಿಗೆ ಕಾರಣ ಸಿಗುವುದಿಲ್ಲ. ಹೆಂಡತಿ ಒಮ್ಮೆ ಹೇಳಿದ ಮಾತು ಮಾತ್ರ ಮನಸ್ಸಿನಲ್ಲಿ ಉಳಿದಿತ್ತು: "ನೀವು ನಮ್ಮ ಜೊತೆ ಕೂತಿದ್ರೂ ಬಾಗಿಲ ಕಡೆಗೇ ನೋಡ್ತಿರ್ತೀರಿ."

ಮೊದಲು ನಾನು ಬಳಸಿದ್ದು ಕಚೇರಿಯವರು ನೌಕರರಿಗೆಂದು ಒದಗಿಸಿದ್ದ ಒಂದು ಆನ್‌ಲೈನ್ ಸಮಾಲೋಚನಾ ಸೇವೆಯನ್ನು. ಅಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಮಾತನಾಡುವ ಅವಕಾಶವಿತ್ತು. ನಾನು ಇಂಗ್ಲಿಷನ್ನು ಆರಿಸಿಕೊಂಡು, ಆರು ಕರೆಗಳಲ್ಲಿ ನನ್ನ ಬಾಲ್ಯದ ಕಥೆಯನ್ನು ಎಲ್ಲಿಯೂ ತಡವರಿಸದೆ ಹೇಳಿ ಮುಗಿಸಿದೆ. ಸಮಾಲೋಚಕರು ಸಜ್ಜನರು, ತಾಳ್ಮೆಯಿಂದ ಕೇಳಿದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಕಚೇರಿಯ ವರದಿ ಒಪ್ಪಿಸಿದಂತೆ ಅದನ್ನೆಲ್ಲ ಒಪ್ಪಿಸಿ ಬಂದಿದ್ದೆ, ಒಳಗೆ ಏನೂ ಅಲುಗಾಡಿರಲಿಲ್ಲ. ಕಾರಣವೇನೆಂದು ತಿಳಿದದ್ದು ಈ ಕೇಂದ್ರದ ಮೊದಲ ಭೇಟಿಯಲ್ಲಿ.

ಅಲ್ಲಿನ ಆಪ್ತಸಮಾಲೋಚಕಿ, ನಾನು "ನನ್ನ ತಂದೆ" ಎಂದು ಎರಡು ಮೂರು ಬಾರಿ ಹೇಳಿದ ಮೇಲೆ, "ಮನೆಯಲ್ಲಿ ಅವರನ್ನ ಏನಂತ ಕರೀತಿದ್ರಿ?" ಎಂದು ಕೇಳಿದರು. ನಮ್ಮ ಕಡೆಯ ಅನೇಕ ಮನೆಗಳಂತೆ ನಮ್ಮ ಮನೆಯಲ್ಲೂ ಅಪ್ಪನನ್ನು "ಅಣ್ಣ" ಎಂದೇ ಕರೆಯುತ್ತಿದ್ದೆವು. ಚಿಕ್ಕಪ್ಪಂದಿರು ಹಾಗೆ ಕರೆಯುವುದನ್ನು ಕೇಳಿ ಮಕ್ಕಳಿಗೂ ಅದೇ ರೂಢಿಯಾಗಿತ್ತು. "ಅಣ್ಣ" ಎಂಬ ಎರಡಕ್ಷರವನ್ನು ಹೇಳಲು ಹೋಗಿ ನನ್ನ ಗಂಟಲು ಕಟ್ಟಿತು. ಆರು ಕರೆಗಳಲ್ಲಿ ಇಂಗ್ಲಿಷಿನಲ್ಲಿ ವಿವರಿಸಿದ್ದ ಆ ತಂದೆ ನನಗೆ ಪರಿಚಯವೇ ಇಲ್ಲದ ಮನುಷ್ಯ. ಗೇಟಿನ ಚಿಲಕ ತೆಗೆಯುತ್ತಿದ್ದವರು ಅಣ್ಣ. "ನಿನ್ ಕೈಲೇನಾಗುತ್ತೆ, ದಂಡಪಿಂಡ" ಎಂಬ ಮಾತನ್ನು ಬೇರೆ ಭಾಷೆಗೆ ತಿರುಗಿಸಿದರೆ ಅದು ಒಂದು ಸಾಧಾರಣ ಬೈಗುಳ. ಕನ್ನಡದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದಾಗ ಮಾತ್ರ ನನ್ನ ಬೆನ್ನು ತಾನಾಗಿ ಬಾಗಿತು.

ಇದು ನನ್ನೊಬ್ಬನ ಭಾವುಕತೆಯಲ್ಲ ಎಂದು ನಂತರ ಓದಿ ತಿಳಿದುಕೊಂಡೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಟರ್ಕಿಶ್ ಮಾತೃಭಾಷೆಯಾಗಿದ್ದು ನಂತರ ಇಂಗ್ಲಿಷ್ ಕಲಿತವರಿಗೆ ಎರಡೂ ಭಾಷೆಗಳ ಪದಗಳನ್ನು ಕೇಳಿಸಿ, ತೋರಿಸಿ, ಅವರ ಬೆರಳಿನ ಚರ್ಮದ ವಿದ್ಯುತ್ ವಾಹಕತೆಯನ್ನು ಅಳೆದಿದ್ದರು. ಭಾವೋದ್ವೇಗವಾದಾಗ ಸೂಕ್ಷ್ಮವಾಗಿ ಬೆವರುವ ಚರ್ಮ ಈ ಅಳತೆಯಲ್ಲಿ ಸಿಕ್ಕಿಬೀಳುತ್ತದೆ. ಬಾಲ್ಯದಲ್ಲಿ ದೊಡ್ಡವರು ಗದರಿಸಲು ಬಳಸುವ ಮಾತುಗಳಿಗೆ ದೇಹ ತೋರಿದ ಪ್ರತಿಕ್ರಿಯೆ ಮಾತೃಭಾಷೆಯಲ್ಲಿ ಹೆಚ್ಚಾಗಿತ್ತು. ಎರಡನೆಯ ಭಾಷೆಯಲ್ಲಿ ಅರ್ಥ ತಿಳಿಯುತ್ತದೆ. ಮೈಗೆ ತಾಗುವುದು ಕಡಿಮೆ. ಈ ದೂರದಿಂದ ಉಪಯೋಗವೂ ಇದೆ ಎಂಬುದನ್ನು ಹೇಳಬೇಕು. ಅಮ್ಮನ ಕೈ ಮುರಿದ ರಾತ್ರಿಯ ವಿಷಯವನ್ನು ನಾನು ಮೊದಲು ಇಂಗ್ಲಿಷಿನಲ್ಲಿ ಹೇಳಲು ಸಮಾಲೋಚಕಿ ಅಡ್ಡಿಪಡಿಸಲಿಲ್ಲ. ನಾಲ್ಕು ವಾರಗಳ ನಂತರ ಅದೇ ರಾತ್ರಿಯನ್ನು ಕನ್ನಡದಲ್ಲಿ ಹೇಳುವ ಹೊತ್ತಿಗೆ ನನಗೆ ಕಾಲೂರಲು ನೆಲ ಸಿಕ್ಕಿತ್ತು. ಯಾವ ಮಾತನ್ನು ಯಾವ ಭಾಷೆಯಲ್ಲಿ ಯಾವಾಗ ಆಡಿಸಬೇಕು ಎಂಬ ಈ ವಿವೇಚನೆಯನ್ನೇ ನಾನು ಈ ಸೇವೆಯ ಅತಿದೊಡ್ಡ ಗುಣವೆಂದು ಎಣಿಸುತ್ತೇನೆ.

ಎರಡನೆಯ ಭೇಟಿಯಲ್ಲಿ ಅವರು ಬಾಲ್ಯದ ಕೆಟ್ಟ ಅನುಭವಗಳ ಕುರಿತ ಪ್ರಸಿದ್ಧ ಪ್ರಶ್ನಾವಳಿಯನ್ನು ತುಂಬಿಸಿಕೊಂಡರು. ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಸ್ಥೂಲಕಾಯದ ಚಿಕಿತ್ಸಾಲಯ ನಡೆಸುತ್ತಿದ್ದ ವೈದ್ಯ ವಿನ್ಸೆಂಟ್ ಫೆಲಿಟಿ, ತೂಕ ಚೆನ್ನಾಗಿ ಇಳಿಸಿಕೊಂಡವರೇ ಏಕೆ ಚಿಕಿತ್ಸೆಯನ್ನು ನಡುವೆ ಬಿಟ್ಟುಹೋಗುತ್ತಾರೆ ಎಂದು ವಿಚಾರಿಸುತ್ತ ಹೋದಾಗ ಅನೇಕರ ಬಾಲ್ಯದ ದೌರ್ಜನ್ಯದ ಕಥೆಗಳು ಹೊರಬಂದವು. ಅಲ್ಲಿಂದ ಬೆಳೆದ ಸಂಶೋಧನೆಯನ್ನು ಅವರು ರಾಬರ್ಟ್ ಆಂಡಾ ಮೊದಲಾದವರೊಂದಿಗೆ 1998ರಲ್ಲಿ ಪ್ರಕಟಿಸಿದರು. ಅಂಥ ಅನುಭವಗಳ ನಾಲ್ಕು ಅಥವಾ ಹೆಚ್ಚು ಬಗೆಗಳನ್ನು ಕಂಡವರಲ್ಲಿ ಮದ್ಯವ್ಯಸನ, ಮಾದಕ ವಸ್ತುಗಳ ಚಟ, ಖಿನ್ನತೆ ಮತ್ತು ಆತ್ಮಹತ್ಯೆಯ ಪ್ರಯತ್ನದ ಅಪಾಯ, ಅಂಥ ಅನುಭವವೇ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಾಗಿತ್ತು. ನನ್ನ ಅಂಕ, ಎಂದರೆ ನಾನು ಕಂಡ ಅಂಥ ಬಗೆಗಳ ಎಣಿಕೆ, 5 ಬಂದಿತು. ಅಂಕ ನೋಡಿ ನಾನು ಬೆದರುತ್ತೇನೆಂದು ಸಮಾಲೋಚಕಿ ಮೊದಲೇ ಊಹಿಸಿದ್ದಿರಬೇಕು. ಇದು ದೊಡ್ಡ ಜನಸಮೂಹದ ಲೆಕ್ಕ, ಒಬ್ಬ ಮನುಷ್ಯನ ಜಾತಕವಲ್ಲ ಎಂದು ವಿವರಿಸಿ, ಒಬ್ಬೊಬ್ಬರ ಅಪಾಯವನ್ನು ಅಳೆಯಲು ಈ ಅಂಕವನ್ನು ಬಳಸಬಾರದೆಂದು ಸ್ವತಃ ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದನ್ನು ತಿಳಿಸಿದರು. ಪ್ರಶ್ನಾವಳಿಯನ್ನು ಕೈಗೆ ಕೊಟ್ಟು ಮನೆಗೆ ಕಳುಹಿಸುವ ಜಾಗಗಳಿವೆ ಎಂದು ಕೇಳಿದ್ದೇನೆ. ಇಲ್ಲಿ ಅದರ ಮೇಲೆ ಒಂದು ಗಂಟೆ ಮಾತು ನಡೆಯಿತು.

ಅದೇ ದಿನ ನಾನು, "ಮೇಡಂ, ನಮ್ಮ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹೊಡೀತಿದ್ರು" ಎಂದೆ. ಹಾಗೆ ಹೇಳದವರು ನಮ್ಮಲ್ಲಿ ಕಡಿಮೆ. ಅವರು ನನ್ನ ಮಾತನ್ನು ಅಲ್ಲಗಳೆಯಲಿಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾಗಿದ್ದರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ 88.6 ಶೇಕಡಾ ಮಕ್ಕಳಿಗೆ ಹೊಡೆದವರು ತಂದೆತಾಯಿಗಳೇ. "ಎಲ್ಲರ ಮನೆಯಲ್ಲೂ ಅಂದ್ರಲ್ಲ, ನಿಜ. ಎಲ್ಲರಿಗೂ ಆಗಿದ್ರಿಂದ ನಿಮಗೆ ನೋವು ಕಡಿಮೆ ಆಯ್ತಾ?" ಎಂದಷ್ಟೇ ಕೇಳಿದರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ನಮ್ಮ ಊರಿನಲ್ಲಿ ಬೆತ್ತದ ಜೊತೆಗೇ ಹೇಳುತ್ತಿದ್ದರು. ಬಗ್ಗಿದ ಗಿಡ ಬಗ್ಗಿಯೇ ಬೆಳೆಯುತ್ತದೆ ಎಂಬ ಅದರ ಇನ್ನೊಂದು ಮಗ್ಗುಲನ್ನು ನನಗೆ ಯಾರೂ ಹೇಳಿರಲಿಲ್ಲ.

ಚಿಕಿತ್ಸೆಯ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುವುದು ಅಗತ್ಯ, ಏಕೆಂದರೆ ಹೋದ ದಿನವೇ ಎಲ್ಲವನ್ನೂ ತೋಡಿಕೊಳ್ಳಬೇಕೆಂಬ ಅಂಜಿಕೆಯಿಂದಲೇ ಹಲವರು ಹೋಗುವುದಿಲ್ಲ. ಮೊದಲ ಐದಾರು ಭೇಟಿಗಳಲ್ಲಿ ಹಳೆಯ ಘಟನೆಗಳನ್ನು ಕೆದಕಲೇ ಇಲ್ಲ. ಮೈ ಗಾಬರಿಗೊಂಡಾಗ ಅದನ್ನು ಮತ್ತೆ ಈ ಹೊತ್ತಿಗೆ ತರುವುದು ಹೇಗೆ ಎಂಬುದರ ಅಭ್ಯಾಸವೇ ನಡೆಯಿತು. ಇದಕ್ಕೆ ಆ ಕಟ್ಟಡದ ಮೆಟ್ಟಿಲೇ ಪಾಠಶಾಲೆಯಾಯಿತು. ಕೆಳಗಿನ ಗ್ರಂಧಿಗೆ ಅಂಗಡಿಯಲ್ಲಿ ಸಾಂಬ್ರಾಣಿ, ಲಾವಂಚಗಳ ಜೊತೆ ಚೀಲಗಟ್ಟಲೆ ಕೊಬ್ಬರಿ ಇರುತ್ತದೆ. ಮೆಟ್ಟಿಲ ತಿರುವಿನಲ್ಲಿ ಅದರ ವಾಸನೆ ದಟ್ಟವಾಗಿ ನಿಂತಿರುತ್ತದೆ. ಮೊದಲ ಮೂರು ವಾರ ಆ ತಿರುವಿನಲ್ಲಿ ನಾನು ಉಸಿರು ಹಿಡಿದು ನಿಂತುಬಿಡುತ್ತಿದ್ದೆ, ಏಕೆಂದು ನನಗೇ ಗೊತ್ತಿರಲಿಲ್ಲ. ವಾಸನೆ ಮತ್ತು ಸದ್ದು ಬುದ್ಧಿಗೆ ತಿಳಿಯುವ ಮೊದಲೇ ಮೆದುಳಿನ ಭಯದ ಕೇಂದ್ರವನ್ನು ಎಬ್ಬಿಸಬಲ್ಲವು. ಆ ಕೇಂದ್ರಕ್ಕೆ 1989ನೇ ಇಸವಿಗೂ ಇಂದಿಗೂ ವ್ಯತ್ಯಾಸ ತಿಳಿಯದು. ಇದನ್ನು ಹೇಳಿಕೊಟ್ಟ ಮೇಲೆ ಸಮಾಲೋಚಕಿ ಒಂದು ದಿನ ನನ್ನ ಜೊತೆ ಅದೇ ಮೆಟ್ಟಿಲಿಗೆ ಇಳಿದು ಬಂದು, ಗೋಡೆಯನ್ನು ಮುಟ್ಟಲು ಹೇಳಿ, "ಇವತ್ತು ಯಾವ ವಾರ? ಕೆಳಗೆ ಯಾರ ದನಿ ಕೇಳ್ತಿದೆ? ನಿಮ್ಮ ಮಗಳು ಈಗ ಎಲ್ಲಿದ್ದಾಳೆ?" ಎಂದು ಒಂದೊಂದಾಗಿ ಕೇಳಿದರು. ಅಂಥ ಸರಳ ಪ್ರಶ್ನೆಗಳಿಗೆ ಉತ್ತರಿಸುತ್ತ ನನ್ನ ಉಸಿರು ಹೇಗೆ ಹೊರಬಂದಿತೆಂಬುದನ್ನು ನಾನು ಮರೆಯುವುದಿಲ್ಲ.

ನನ್ನ ಸ್ಥಿತಿಗೆ ಒಂದು ಹೆಸರಿದೆ ಎಂಬುದೂ ಆ ದಿನಗಳಲ್ಲೇ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ, ಆಘಾತದ ನಂತರದ ಒತ್ತಡದ ಕಾಯಿಲೆಯ ಜೊತೆಗೆ ಅದರ ಸಂಕೀರ್ಣ ರೂಪವನ್ನೂ ಪ್ರತ್ಯೇಕವಾಗಿ ಸೇರಿಸಿದೆ. ಘಟನೆ ಮತ್ತೆ ಮತ್ತೆ ಕಣ್ಣೆದುರು ಬರುವುದು, ಅದನ್ನು ನೆನಪಿಸುವುದರಿಂದ ತಪ್ಪಿಸಿಕೊಳ್ಳುವುದು, ಸದಾ ಎಚ್ಚರದ ಸ್ಥಿತಿಯಲ್ಲಿರುವುದು ಇವುಗಳ ಜೊತೆಗೆ, ಭಾವನೆಗಳನ್ನು ಹಿಡಿತದಲ್ಲಿಡಲಾಗದಿರುವುದು, ತಾನು ಕೆಲಸಕ್ಕೆ ಬಾರದವನೆಂಬ ಗಟ್ಟಿ ನಂಬಿಕೆ, ಹತ್ತಿರದವರೊಂದಿಗೂ ಹತ್ತಿರವಾಗಲಾರದ ಕಷ್ಟ ಈ ಮೂರೂ ಇದ್ದರೆ ಅದು ಸಂಕೀರ್ಣ ರೂಪ. ದೀರ್ಘಕಾಲ, ಪದೇ ಪದೇ, ತಪ್ಪಿಸಿಕೊಳ್ಳಲು ದಾರಿಯಿಲ್ಲದ ಹಿಂಸೆಯಲ್ಲಿ ಬೆಳೆದವರಲ್ಲಿ ಇದು ಹೆಚ್ಚು. "ದಂಡಪಿಂಡ" ಎಂಬ ಮಾತು ನನ್ನ ಸ್ವಭಾವದ ವಿವರಣೆಯಲ್ಲ, ಒಂದು ಕಾಯಿಲೆಯ ಲಕ್ಷಣ ಎಂದು 44ನೆಯ ವಯಸ್ಸಿನಲ್ಲಿ ಕೇಳಿಸಿಕೊಂಡದ್ದು ಔಷಧಿಗಿಂತ ಹೆಚ್ಚಾಗಿ ಕೆಲಸ ಮಾಡಿತು.

ಏಳನೆಯ ಭೇಟಿ ಕೆಟ್ಟದಾಗಿ ಮುಗಿಯಿತು. ಬೆಲ್ಟಿನ ವಿಷಯ ಬಂದಾಗ ಸಮಯ ಇನ್ನು ಹತ್ತೇ ನಿಮಿಷವಿತ್ತು, ಆದರೂ ಅವರು ಮುಂದುವರಿಸಿದರು. ಮುಂದಿನವರು ಹೊರಗೆ ಕಾಯುತ್ತಿದ್ದುದರಿಂದ ನಾನು ನಡುಗುತ್ತಲೇ ಮೆಟ್ಟಿಲಿಳಿದು, ಮೂರು ರಾತ್ರಿ ನಿದ್ದೆಯಿಲ್ಲದೆ ಕಳೆದೆ. ಇನ್ನು ಹೋಗುವುದಿಲ್ಲವೆಂದು ನಿರ್ಧರಿಸಿ ಕೇಂದ್ರಕ್ಕೆ ಸಂದೇಶ ಕಳುಹಿಸಿದೆ. ಅದೇ ಸಂಜೆ ಅವರೇ ಕರೆ ಮಾಡಿದರು, ಮುಂದಿನ ಭೇಟಿಗೆ ಹೋದಾಗ ಮೊದಲ ಮಾತಾಗಿ, "ಅವತ್ತು ನಾನು ಅವಸರ ಮಾಡಿದೆ. ನಿಲ್ಲಿಸಬೇಕಿತ್ತು. ತಪ್ಪು ನನ್ನದು" ಎಂದರು. ಆ ಭೇಟಿಗೆ ಶುಲ್ಕ ತೆಗೆದುಕೊಳ್ಳಲಿಲ್ಲ. ಶುಲ್ಕದ ಮಾತು ದೊಡ್ಡದಲ್ಲ. ನನ್ನ ಮೇಲೆ ಅಧಿಕಾರವಿದ್ದ ಒಬ್ಬ ಹಿರಿಯರು ನನ್ನನ್ನು ನೋಯಿಸಿದ ಮೇಲೆ ತಪ್ಪು ತಮ್ಮದೆಂದು ನನ್ನ ಮುಖ ನೋಡಿ ಹೇಳಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಆಮೇಲೆ ಕೊನೆಯ ಹದಿನೈದು ನಿಮಿಷದಲ್ಲಿ ಹೊಸ ವಿಷಯ ತೆರೆಯಬಾರದೆಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಅದು ಇಂದಿಗೂ ನಡೆಯುತ್ತಿದೆ.

ಅಣ್ಣನಿಗೆ ಈಗ 76 ವರ್ಷ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ, ಅಕ್ಕನ ಮನೆಯಲ್ಲಿದ್ದಾರೆ. ಊರಿನ ಹಿರಿಯರೆಲ್ಲ, ಕೆಲವು ಸ್ನೇಹಿತರೂ, "ವಯಸ್ಸಾಗಿದೆ, ಕ್ಷಮಿಸಿಬಿಡು" ಎನ್ನುತ್ತಾರೆ. ಈ 27 ಭೇಟಿಗಳಲ್ಲಿ ಒಮ್ಮೆಯೂ ಸಮಾಲೋಚಕಿ ಆ ಮಾತನ್ನು ಆಡಲಿಲ್ಲ. ಕ್ಷಮಿಸಿದರೆ ಮಾತ್ರ ಗುಣವಾಗುತ್ತದೆ ಎಂದು ಯಾರಾದರೂ ಸಮಾಲೋಚಕರು ಮೊದಲ ದಿನವೇ ಹೇಳಿದರೆ ಎದ್ದು ಬರುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಣ್ಣನ ಅಪ್ಪ, ಎಂದರೆ ನನ್ನ ತಾತ, ಬಾರುಕೋಲಿನಲ್ಲಿ ಹೊಡೆಯುತ್ತಿದ್ದರೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅದನ್ನು ನಾನಾಗಿಯೇ ಎತ್ತಿದಾಗ ಅವರು, "ಅದು ಕಾರಣ. ಸಮರ್ಥನೆ ಅಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳೋಣ" ಎಂದರು. ಈಗ ನಾನು ತಿಂಗಳಿಗೊಮ್ಮೆ ಹೋಗಿ ಅಣ್ಣನ ಔಷಧಿ ಕೊಟ್ಟು ಬರುತ್ತೇನೆ, ಅರ್ಧ ಗಂಟೆ ಕೂರುತ್ತೇನೆ. ಅದಕ್ಕೆ ಕ್ಷಮೆ ಎಂಬ ಹೆಸರನ್ನು ನಾನು ಇಟ್ಟಿಲ್ಲ.

ಕೊರತೆಗಳಿಗೆ ಬರುತ್ತೇನೆ. ಕನ್ನಡದಲ್ಲಿ ಇಷ್ಟು ಚೆನ್ನಾಗಿ ಮಾತನಾಡುವ ಕೇಂದ್ರದಲ್ಲಿ ಅರ್ಜಿ, ಒಪ್ಪಿಗೆ ಪತ್ರ, ಪ್ರಶ್ನಾವಳಿ ಎಲ್ಲವೂ ಇಂಗ್ಲಿಷಿನಲ್ಲಿವೆ. ನನ್ನ ಎದುರಿನಲ್ಲೇ ಒಬ್ಬ ಹಿರಿಯ ಹೆಂಗಸು ಅರ್ಜಿ ಹಿಡಿದು ತಬ್ಬಿಬ್ಬಾಗಿ, ಕೊನೆಗೆ ಸ್ವಾಗತಕಾರರು ಪ್ರಶ್ನೆಗಳನ್ನು ಜೋರಾಗಿ ಓದಿ ಹೇಳಿದರು. "ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದರೇ" ಎಂಬುದೂ ಅದರಲ್ಲಿತ್ತು. ಇದನ್ನು ನಾನು ಸಣ್ಣ ಲೋಪವೆಂದು ಒಪ್ಪಲಾರೆ. ಕೋಣೆಗಳ ನಡುವೆ ಇರುವುದು ಪ್ಲೈವುಡ್ ಗೋಡೆ, ಪಕ್ಕದ ಕೋಣೆಯ ಅಳು ಕೇಳಿಸುತ್ತದೆ. ಕಾಯುವ ಜಾಗದಲ್ಲಿ ಪೂರ್ತಿ ಹೆಸರು ಹಿಡಿದು ಕರೆಯುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಸೆಕ್ಷನ್ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ. ಆ ಕಾಳಜಿ ಕಾಗದದಿಂದ ಕಾಯುವ ಕೋಣೆಗೂ ಬರಬೇಕು. ಸಂಜೆಯ ಹೊತ್ತಿನ ಭೇಟಿ ಸಿಗಲು ಏಳು ವಾರ ಕಾಯಬೇಕಾಯಿತು.

50 ನಿಮಿಷಕ್ಕೆ 1,200 ರೂಪಾಯಿ ಶುಲ್ಕ. ವಾರಕ್ಕೊಮ್ಮೆ ಹೋದ ತಿಂಗಳುಗಳಲ್ಲಿ ಸುಮಾರು 5,000 ರೂಪಾಯಿ ಖರ್ಚಾಯಿತು. ನನ್ನಂಥ ಸಂಬಳದವನಿಗೆ ಅದು ಹಗುರವಲ್ಲ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು ಅದೇ ಕಾಯ್ದೆ ಹೇಳಿದರೂ, ನನ್ನ ಪಾಲಿಸಿ ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ ಅನ್ವಯಿಸುವುದರಿಂದ ಒಂದು ರೂಪಾಯಿಯೂ ಮರಳಿ ಬರಲಿಲ್ಲ. ಕಡಿಮೆ ಆದಾಯದವರಿಗೆ ಕೆಲವು ವೇಳೆಗಳನ್ನು 300 ರೂಪಾಯಿಗೆ ಮೀಸಲಿಟ್ಟಿದ್ದಾರೆ. ಕೇಳಿದರೆ ಮಾತ್ರ ಹೇಳುತ್ತಾರೆ, ಆದ್ದರಿಂದ ಕೇಳಿ.

ಇನ್ನೊಂದು ವಿಷಯವನ್ನೂ ಕೇಳಲು ಸಂಕೋಚಪಡಬೇಡಿ: ಸಮಾಲೋಚಕರ ವಿದ್ಯಾರ್ಹತೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನನ್ನನ್ನು ನೋಡಿದವರ ನೋಂದಣಿ ಸಂಖ್ಯೆ ಬಾಗಿಲ ಮೇಲೆಯೇ ಇತ್ತು. ಆಪ್ತಸಮಾಲೋಚಕ ಎಂಬ ಫಲಕವನ್ನು ಕೆಲವು ವಾರಗಳ ತರಬೇತಿ ಪಡೆದವರೂ ಹಾಕಿಕೊಳ್ಳುವುದುಂಟು. ದಿನನಿತ್ಯದ ಒತ್ತಡಕ್ಕೆ ಅಷ್ಟು ಸಾಕಾಗಬಹುದು. ಬಾಲ್ಯದ ಹಿಂಸೆಯ ನೆನಪನ್ನು ಬಿಚ್ಚುವ ಕೆಲಸಕ್ಕೆ ಸಾಲದು, ಬಿಚ್ಚಿದ ಮೇಲೆ ಕಟ್ಟಿ ಕಳುಹಿಸುವುದನ್ನೂ ತಿಳಿದಿರಬೇಕು. ಕೇಂದ್ರದಲ್ಲಿ ಮನೋವೈದ್ಯರಿಲ್ಲ. ನಿದ್ದೆಗೆ ಮಾತ್ರೆ ಬೇಕಾದಾಗ ಅವರು ಪತ್ರ ಬರೆದು ಬೇರೆಡೆಗೆ ಕಳುಹಿಸಿದರು, ನಾಲ್ಕು ತಿಂಗಳಲ್ಲಿ ಮಾತ್ರೆ ನಿಂತಿತು.

ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಿರುವವರು ಏಳು ವಾರ ಕಾಯಿಸುವ ಜಾಗವನ್ನು ನೆಚ್ಚಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ, ಯಾವ ಶುಲ್ಕವೂ ಇಲ್ಲದೆ, ಕನ್ನಡದಲ್ಲೇ ಕರೆ ಮಾಡಬಹುದು. ಏಳನೆಯ ಭೇಟಿಯ ನಂತರದ ಎರಡನೆಯ ರಾತ್ರಿ ನಾನು ಮಾಡಿದ್ದೇನೆ, ಆ ಕಡೆಯವರು 40 ನಿಮಿಷ ನನ್ನ ಜೊತೆ ಇದ್ದರು. ಇಂದು ಪೆಟ್ಟು ತಿನ್ನುತ್ತಿರುವ ಮಗುವಿನ ವಿಷಯ ಗೊತ್ತಿದ್ದವರಿಗೆ ಮಕ್ಕಳ ಸಹಾಯವಾಣಿ 1098 ಇದೆ.

ಹಾಲಿನ ಪಾತ್ರೆಯ ವಿಷಯವನ್ನು ಮಗಳ ಜೊತೆ ಮಾತನಾಡಲು ನನಗೆ ಐದು ತಿಂಗಳು ಬೇಕಾಯಿತು. ತಪ್ಪು ನನ್ನದೆಂದು ಹೇಳಿದಾಗ ಅವಳು ತನಗೆ ನೆನಪೇ ಇಲ್ಲವೆಂದಳು, ಸ್ವಲ್ಪ ಹೊತ್ತಿನ ಮೇಲೆ, "ಅವತ್ತು ನಿಮ್ಮ ಕೈ ನಡುಗ್ತಾ ಇತ್ತು ಅಪ್ಪ" ಎಂದಳು. ನಿದ್ದೆ ಈಗ ಐದೂವರೆವರೆಗೆ ಬರುತ್ತದೆ. ಬೀದಿಯಲ್ಲಿ ಗಾಡಿ ನಿಂತರೆ ಹೊಟ್ಟೆ ಇನ್ನೂ ಹಿಂಡುತ್ತದೆ, ಆದರೆ ಅದು ಏನೆಂದು ಗೊತ್ತಿರುವುದರಿಂದ ಬೇಗ ಬಿಡುತ್ತದೆ.

28ನೆಯ ಭೇಟಿ ಮುಂದಿನ ತಿಂಗಳು. ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಡುವುದಾಗಿ ನಾನು ಕೇಂದ್ರದವರಿಗೆ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ. ತಂದೆಯ ಹೆಸರು ಕೇಳುವ ಸಾಲಿನ ಕೆಳಗೆ, ಮನೆಯಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಕೇಳುವ ಇನ್ನೊಂದು ಸಾಲನ್ನು ಸೇರಿಸಿದ್ದೇನೆ.